ಮುಟ್ಟು ನಿಂತ ಮೇಲಿನ ಮನೋವೇದನೆಗೆ ಟೆಲಿ ಮಾನಸ್: ತುಮಕೂರಿನ ಒಂದು ಅನುಭವ

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಆರಂಭವಾದದ್ದು 2022ರ ಅಕ್ಟೋಬರ್ 10ರಂದು. 14416ಕ್ಕೆ ಕರೆ ಮಾಡಿ ಭಾಷೆಯನ್ನು ಆರಿಸಿಕೊಂಡರೆ, ಹಗಲಾಗಲಿ ರಾತ್ರಿಯಾಗಲಿ, ಕನ್ನಡದಲ್ಲೇ ಆಪ್ತಸಮಾಲೋಚಕರೊಡನೆ ಉಚಿತವಾಗಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಪರೀಕ್ಷೆಯ ಭಯ, ಕುಡಿತದ ಚಟ ಮುಂತಾದವುಗಳಿಗಷ್ಟೇ ಈ ಸೇವೆ ಎಂದು ನನ್ನ ಪರಿಚಯದ ಹೆಂಗಸರು ತಿಳಿದಿದ್ದಾರೆ. ಋತುಬಂಧದ ಆಸುಪಾಸಿನ ತೊಳಲಾಟಕ್ಕೂ ಇದು ಚೆನ್ನಾಗಿ ನೆರವಾಗುತ್ತದೆ ಎಂಬುದು ನನ್ನ ಅನುಭವ.

ಗುಬ್ಬಿಯಲ್ಲಿರುವ ನನ್ನ ಅಕ್ಕನಿಗೆ ಮುಟ್ಟು ನಿಂತು ವರ್ಷ ಕಳೆದಿತ್ತು. ನಿದ್ದೆಯಿಲ್ಲ, ಕಾರಣವಿಲ್ಲದೆ ಅಳು, ಮಕ್ಕಳ ಮೇಲೆ ರೇಗಾಟ, ಆಮೇಲೆ ಅದಕ್ಕಾಗಿ ಕೊರಗು. ಮೊದಲು ತೋರಿಸಿದ ಒಬ್ಬ ವೈದ್ಯರು ‘ಈ ವಯಸ್ಸಿಗೆ ಇದೆಲ್ಲ ಸಹಜ’ ಎಂದು ಶಕ್ತಿಯ ಮಾತ್ರೆ ಬರೆದುಕೊಟ್ಟು ಕಳುಹಿಸಿದ್ದರು. ಸಹಜವಾದ ಬದಲಾವಣೆಯಲ್ಲೂ ಚಿಕಿತ್ಸೆ ಬೇಕಾಗುವ ಸಂಕಟವಿರುತ್ತದೆ ಎಂಬುದನ್ನು ವೈದ್ಯರಾದವರೇ ಮರೆತರೆ ಹೆಣ್ಣುಮಕ್ಕಳು ಯಾರ ಬಳಿ ಹೋಗಬೇಕು? ಅಕ್ಕ ತುಮಕೂರಿನ ನಮ್ಮ ಮನೆಗೆ ಬಂದಾಗ, ಒಳಕೋಣೆಯಲ್ಲಿ ಕೂತು, ನಾನೂ ಕೇಳಿಸಿಕೊಳ್ಳಲೆಂದು ಸ್ಪೀಕರ್ ಹಾಕಿ ಕರೆ ಮಾಡಿದಳು.

ಸಮಾಲೋಚಕಿ ಉಪದೇಶಕ್ಕೆ ಇಳಿಯಲಿಲ್ಲ. ‘ರಾತ್ರಿ ಎಚ್ಚರವಾದಾಗ ಬೆನ್ನು, ಕುತ್ತಿಗೆ ಬೆವೆತಿರುತ್ತದೆಯೇ ಅಮ್ಮ? ಬೇಸರ ಬೆಳಿಗ್ಗೆ ಹೆಚ್ಚೋ, ಸಂಜೆ ಹೆಚ್ಚೋ?’ ಎಂದು ಮೈ ಮತ್ತು ಮನಸ್ಸು ಎರಡನ್ನೂ ಒಟ್ಟಿಗೆ ವಿಚಾರಿಸಿದರು. ಬದುಕೇ ಬೇಡವೆನಿಸಿದೆಯೇ ಎಂಬುದನ್ನೂ ಮುಚ್ಚುಮರೆಯಿಲ್ಲದೆ, ಮೆಲುದನಿಯಲ್ಲಿ ಕೇಳಿದರು. ಹೆರಿಗೆಯ ನಂತರ ಹೀಗೇನಾದರೂ ಆಗಿತ್ತೇ ಎಂದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಬಾಣಂತನದಲ್ಲಿ ತವರಿನಲ್ಲಿ ದಿನವೂ ಅಳುತ್ತಿದ್ದುದನ್ನು ಹೇಳಿದಳು. ಅದು ನನಗೂ ಗೊತ್ತಿರಲಿಲ್ಲ. ಬಾಣಂತನದಲ್ಲಿ ಖಿನ್ನತೆ ಅನುಭವಿಸಿದವರಿಗೆ ಈ ಘಟ್ಟದಲ್ಲಿ ಅದು ಮರುಕಳಿಸುವ ಸಾಧ್ಯತೆ ಹೆಚ್ಚು. ಆದ್ದರಿಂದ ಈ ಒಂದು ಪ್ರಶ್ನೆಗಾಗಿಯೇ ಈ ಸೇವೆಯನ್ನು ಮೆಚ್ಚುತ್ತೇನೆ.

ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಒಂದೇ ಸಮನೆ ಇಳಿಯದೆ ಏರುಪೇರಾಗುತ್ತದೆ, ಆಮೇಲೆ ತೀರಾ ಕಡಿಮೆಯಾಗುತ್ತದೆ. ಮನಸ್ಸಿನ ಸ್ಥಿತಿಯನ್ನು ಕಾಯುವ ಸೆರಟೋನಿನ್‌ನಂಥ ರಾಸಾಯನಿಕಗಳ ಮೇಲೂ ಅದರ ಪ್ರಭಾವವಿದೆ. ಅದರ ಜೊತೆಗೆ ಮೈಗೆ ಬಿಸಿಯೇರಿ ರಾತ್ರಿಯ ನಿದ್ದೆ ಕೆಟ್ಟರೆ, ಗಟ್ಟಿ ಮನಸ್ಸಿನವರೂ ಕುಗ್ಗುತ್ತಾರೆ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರಲ್ಲಿ ಈ ಬದಲಾವಣೆ ದಿಢೀರನೆ ಆಗುವುದರಿಂದ ಅವರ ಮನೆಯವರು ಇನ್ನಷ್ಟು ಗಮನ ಕೊಡಬೇಕು.

ಫೋನಿನಲ್ಲಿ ರಕ್ತ ಪರೀಕ್ಷೆ ಮಾಡಲಾಗದು. ಈ ಸೇವೆಯ ಮಿತಿ ಇರುವುದೇ ಅಲ್ಲಿ. ಥೈರಾಯ್ಡ್ ಕೊರತೆ, ರಕ್ತಹೀನತೆಗಳಲ್ಲೂ ಇದೇ ಬಗೆಯ ಆಯಾಸ, ಬೇಸರ ಕಾಣುವುದರಿಂದ, ಸಮಾಲೋಚಕಿ ಜಿಲ್ಲಾಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ, ಮನೋವೈದ್ಯರನ್ನೂ ಕಾಣುವಂತೆ ಹೇಳಿದರು. ಹಾರ್ಮೋನ್ ಚಿಕಿತ್ಸೆ ಬಿಸಿಯೇರುವಿಕೆಗೆ ಪರಿಣಾಮಕಾರಿಯಾದರೂ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡದೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನನ್ನೂ ಸೇರಿಸುತ್ತಾರೆ. ಆದ್ದರಿಂದ ಅದನ್ನು ಸ್ತ್ರೀರೋಗ ತಜ್ಞರೇ ಮುಖತಃ ನೋಡಿ ನಿರ್ಧರಿಸಬೇಕು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಬಿಸಿಯೇರುವುದನ್ನೂ ತಗ್ಗಿಸುತ್ತವೆ ಎಂಬುದು ಹಾರ್ಮೋನ್ ತೆಗೆದುಕೊಳ್ಳಲಾಗದವರಿಗೆ ಸಮಾಧಾನದ ವಿಷಯ.

ಅಕ್ಕನ ಚಿಕಿತ್ಸೆ ಇನ್ನೂ ನಡೆಯುತ್ತಿದೆ, ನಿದ್ದೆ ಸುಧಾರಿಸಿದೆ. ಕರೆ ಮಾಡುವವರು ಕೊನೆಯ ಮುಟ್ಟಿನ ತಿಂಗಳು, ಆಗಿರುವ ಶಸ್ತ್ರಚಿಕಿತ್ಸೆಗಳು, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅತ್ತೆ, ಮಕ್ಕಳ ಕಿವಿಗೆ ಬೀಳದಂಥ ಜಾಗದಲ್ಲಿ ಕೂತು ಮಾತನಾಡಿ. ಸಾಯುವ ಯೋಚನೆ ಬರುತ್ತಿದ್ದರೆ ಬೆಳಗಾಗುವ ತನಕ ಕಾಯದೆ ಆಗಲೇ ಕರೆ ಮಾಡಿ.