ಸಾಫ್ಟ್ ಕೋರಲ್: ಲೆದರ್ ತಗೊಳ್ಳಿ, ಕಾರ್ನೇಷನ್ ಬಿಟ್ಟುಬಿಡಿ

ಉಪ್ಪುನೀರಿನ ಅಕ್ವೇರಿಯಂ ಅಂಗಡಿಗಳಲ್ಲಿ ‘ಸಾಫ್ಟ್ ಕೋರಲ್’ ಅನ್ನುವ ಒಂದೇ ಹೆಸರಿನಡಿ ಎರಡು ತೀರಾ ಬೇರೆ ಬದುಕಿನ ಪ್ರಾಣಿಗಳು ಮಾರಾಟವಾಗುತ್ತವೆ. ಒಂದು ಬೆಳಕನ್ನು ನಂಬಿ ಬದುಕುವುದು, ಇನ್ನೊಂದು ನೀರು ಸೋಸಿ ತಿನ್ನುವುದು. ಎರಡರ ಪಾಲಿಪ್‌ಗೂ (ಹವಳವನ್ನು ಒಟ್ಟಾಗಿ ಕಟ್ಟುವ ಪುಟ್ಟ ಜೀವಿ) ಗರಿಯಂಥ ಎಂಟು ಕೈಗಳು, ಎರಡೂ ಮುಟ್ಟಿದರೆ ಮೆತ್ತಗೆ. ಹೀಗಾಗಿ ಹೊಸಬರು ಏಮಾರುತ್ತಾರೆ. ಬೆಲೆ ಕೇಳುವ ಮೊದಲು ಇದು ಸಮುದ್ರದಲ್ಲಿ ಎಷ್ಟು ಆಳದಲ್ಲಿ, ಎಂಥ ಬೆಳಕಿನಲ್ಲಿ ಬೆಳೆಯುವಂಥದ್ದು ಎಂದು ಕೇಳಿ.

ನೀರಿನ ಮೊದಲ ಕೆಲವು ಮೀಟರುಗಳಲ್ಲೇ ಕೆಂಪು ಬೆಳಕು ಮುಗಿದುಹೋಗುತ್ತದೆ, ಕೆಳಕ್ಕೆ ಹೋದಂತೆ ಉಳಿಯುವುದು ನೀಲಿ. ಮೇಲಿನ ಬೆಳಕಿನ ಪಟ್ಟಿಯಲ್ಲಿ ಅಲೆಯ ಹೊಡೆತ ತಡೆಯಬಲ್ಲ ದಪ್ಪ, ಗಿಡ್ಡ, ತೊಗಲಿನಂಥ ಮೈಯ ಹವಳಗಳಿರುತ್ತವೆ. ಅವುಗಳ ಜೀವಕೋಶದೊಳಗೆ ಝೂಕ್ಸಾಂಥೆಲ್ಲೆ ಪಾಚಿ ಕೂತು ಸಕ್ಕರೆ ತಯಾರಿಸಿಕೊಡುತ್ತದೆ. 30 ಮೀಟರಿನಿಂದ ಸುಮಾರು 150 ಮೀಟರಿನವರೆಗಿನ ಮಬ್ಬು ವಲಯದಲ್ಲಿ ಪಾಚಿ ಇಟ್ಟುಕೊಂಡವು ಕಡಿಮೆಯಾಗುತ್ತಾ ಹೋಗಿ, ಹರಿವಿಗೆ ಅಡ್ಡಲಾಗಿ ಕೊಂಬೆ ಚಾಚುವ ಮರದಾಕಾರದವು, ಬೀಸಣಿಗೆಯಾಕಾರದವು ಹೆಚ್ಚುತ್ತವೆ. ಮೇಲಿನ ನೀರಿನಲ್ಲೂ ಬಂಡೆಯ ಚಾಚಿನಡಿ, ಮುಳುಗಿದ ಹಡಗಿನ ಪಕ್ಕೆಯಲ್ಲಿ ಇಂಥವು ಸಿಗುತ್ತವೆ, ಏಕೆಂದರೆ ಅಲ್ಲೂ ನೆರಳು.

ಲೆದರ್ ಕೋರಲ್, ಅಂದರೆ ಸಾರ್ಕೋಫೈಟನ್ ಮತ್ತು ಸಿನ್ಯುಲೇರಿಯಾ, ಇವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಖರೀದಿ. ಕಂದು, ಕೆನೆ ಇಲ್ಲವೇ ಹಸಿರು ಛಾಯೆ ಇದ್ದರೆ ಒಳಗೆ ಪಾಚಿ ಇದೆ ಎಂದು ಲೆಕ್ಕ. 24ರಿಂದ 26 ಡಿಗ್ರಿ ಸೆಲ್ಸಿಯಸ್, ನೀರಿನ ಸಾಪೇಕ್ಷ ಸಾಂದ್ರತೆ 1.025, ಆಲ್ಕಲಿನಿಟಿ (ನೀರಿನ ಕ್ಷಾರ ಗುಣ) 8ರಿಂದ 9 ಡಿಕೆಎಚ್ (ಅದರ ಅಳತೆ), ನೈಟ್ರೇಟ್ 5ರಿಂದ 10 ಪಿಪಿಎಂ ಇದ್ದರೆ ಸಾಕು. ನೈಟ್ರೇಟ್ ಸೊನ್ನೆಗೆ ಇಳಿಸಲು ಹೋಗಬೇಡಿ, ಪಾಚಿಗೂ ಅದು ಬೇಕು. ಬೆಳಕು 50ರಿಂದ 150 ಪಾರ್ (ಪಾಚಿ ಬಳಸಿಕೊಳ್ಳಬಲ್ಲ ಬೆಳಕಿನ ಅಳತೆ). ತಂದ ಕೂಡಲೇ ಮೇಲೆ ಕೂರಿಸದೆ ತೊಟ್ಟಿಯ ಕೆಳಭಾಗದಲ್ಲಿಟ್ಟು, ಎರಡು ಮೂರು ವಾರದಲ್ಲಿ ಮೆಲ್ಲಗೆ ಮೇಲೆ ತನ್ನಿ. ಒಮ್ಮೆಲೇ ಬಿರುಬೆಳಕು ಬಿದ್ದರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ.

ಹೊಸಬರು ಗಾಬರಿಯಾಗುವುದು ಇನ್ನೊಂದಕ್ಕೆ. ಸಾರ್ಕೋಫೈಟನ್ ಕೆಲವೊಮ್ಮೆ ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು ಮೇಣ ಬಳಿದಂತೆ ಹೊಳೆಯುತ್ತಾ ದಿನಗಟ್ಟಲೆ ಮುದುಡಿ ಕೂರುತ್ತದೆ. ಆಮೇಲೆ ತೆಳು ಪೊರೆ ಕಳಚಿಕೊಳ್ಳುತ್ತದೆ. ಇದು ಕಾಯಿಲೆಯಲ್ಲ; ಮೈಮೇಲೆ ಕೂತ ಪಾಚಿ, ಕೊಳೆಯನ್ನು ತೊಲಗಿಸುವ ಅದರ ರೀತಿ. ಪಂಪಿನ ಹರಿವು ಸ್ವಲ್ಪ ಹೆಚ್ಚಿಸಿ, ಪೊರೆ ಬೇಗ ಹೋಗುತ್ತದೆ. ಬುಡ ಮೆತ್ತಗಾಗಿ ಕರಗುತ್ತಾ ವಾಸನೆ ಬಂದರೆ ಮಾತ್ರ ಕೊಳೆತ ಭಾಗವನ್ನು ಹರಿತ ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ನಿಜವಾದ ದೋಷ ಒಂದಿದೆ: ಇದು ನೀರಿಗೆ ಟರ್ಪೀನ್ ಜಾತಿಯ ರಾಸಾಯನಿಕ ಬಿಡುತ್ತದೆ, ಪಕ್ಕದ ಕಲ್ಲುಹವಳಗಳು ಸೊರಗುತ್ತವೆ. ಇಂಥ ರಾಸಾಯನಿಕ ಹೀರಿಕೊಳ್ಳುವ ಆಕ್ಟಿವೇಟೆಡ್ ಕಾರ್ಬನ್ ಸದಾ ಇರಲಿ, ತಿಂಗಳಿಗೊಮ್ಮೆಯಾದರೂ ಬದಲಿಸಿ. 5ಕ್ಕೆ 4.5 ಅಂಕ.

ಝೆನಿಯಾ ಎಂಬ ಇನ್ನೊಂದು ಸಾಫ್ಟ್ ಕೋರಲ್ ಕೈಗಳನ್ನು ಮುಚ್ಚಿ ತೆರೆಯುತ್ತಾ ಮಿಡಿಯುವುದು ಬರೀ ಚೆಂದಕ್ಕಲ್ಲ. ಅದೇ ಕುಟುಂಬದ ಹೆಟೆರೊಝೆನಿಯಾದ ಮೇಲೆ ಕೆಂಪು ಸಮುದ್ರದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಮಿಡಿತ ಹೆಚ್ಚುವರಿ ಆಮ್ಲಜನಕವನ್ನು ದೂಡಿ ಪಾಚಿಯ ಕೆಲಸಕ್ಕೆ ಇಂಬು ಕೊಡುತ್ತದೆ. ಬೆಳಕೇ ಇದರ ಮುಖ್ಯ ಊಟ. ಒಂಟಿ ಕಲ್ಲಿನ ಮೇಲೆ ಬೇರೆಯಾಗಿ ಇಡಿ, ಇಲ್ಲದಿದ್ದರೆ ತೊಟ್ಟಿಯನ್ನೆಲ್ಲ ಆಕ್ರಮಿಸುತ್ತದೆ. 3.5 ಅಂಕ.

ಇನ್ನು ಕಾರ್ನೇಷನ್, ಡೆಂಡ್ರೊನೆಫ್ತಿಯಾ. ಗುಲಾಬಿ, ಕಡುಗೆಂಪು, ಕಿತ್ತಳೆ. ಅಂಗಡಿಯಲ್ಲಿ ಎಲ್ಲರ ಕಣ್ಣು ಮೊದಲು ಇದರ ಮೇಲೇ. ಹತ್ತಿರದಿಂದ ನೋಡಿದರೆ ಪಾರದರ್ಶಕ ಕಾಂಡದೊಳಗೆ ಸೂಜಿಯಂಥ ಸುಣ್ಣದ ಮುಳ್ಳುಗಳು ಕಾಣುತ್ತವೆ. ಬಣ್ಣ ಬಹುಪಾಲು ಆ ಮುಳ್ಳುಗಳದ್ದು. ಪಾಚಿ ಇಲ್ಲವೇ ಇಲ್ಲ. ಎಷ್ಟೇ ದುಬಾರಿ ಎಲ್‌ಇಡಿ ಹಾಕಿದರೂ ಒಂದು ತುತ್ತೂ ಸಿಗದು. 1995ರಲ್ಲಿ ಇಸ್ರೇಲಿನ ಎಯ್ಲಾತ್‌ನ ಕೆಂಪು ಸಮುದ್ರದ ಡೆಂಡ್ರೊನೆಫ್ತಿಯಾ ಮುಖ್ಯವಾಗಿ ಸಸ್ಯಪ್ಲವಕ (ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ, ಅಂದರೆ ಫೈಟೊಪ್ಲಾಂಕ್ಟನ್) ತಿನ್ನುತ್ತದೆ ಎಂದು ತೋರಿಸಲಾಯಿತು. ಹರಿವು ಬಂದಾಗ ನೀರು ತುಂಬಿಕೊಂಡು ಉಬ್ಬಿ ಸೋಸುತ್ತದೆ, ನಿಂತ ನೀರಿನಲ್ಲಿ ಕುಗ್ಗುತ್ತದೆ. ದಿನಕ್ಕೊಮ್ಮೆ ಬಾಟಲಿ ಆಹಾರ ಸುರಿದರೆ ಸಾಲದು. ಜೀವಂತ ಫೈಟೊಪ್ಲಾಂಕ್ಟನ್ ಹಗಲು ರಾತ್ರಿ ಡೋಸಿಂಗ್ ಪಂಪಿನಿಂದ ಹನಿಯುತ್ತಿರಬೇಕು, ಒಂದೇ ದಿಕ್ಕಿನ ಬಲವಾದ ಹರಿವು ಬೇಕು. ಕೊಳೆಯನ್ನು ನೊರೆಯಾಗಿ ಎತ್ತುವ ಸ್ಕಿಮ್ಮರ್ ಹಾಕಿದರೆ ಊಟವನ್ನೂ ಎತ್ತಿಬಿಡುತ್ತದೆ, ತೆಗೆದರೆ ನೈಟ್ರೇಟ್ ಏರುತ್ತದೆ. ಸಾಮಾನ್ಯ ತೊಟ್ಟಿಯಲ್ಲಿ ಇದು ಕೆಲವು ವಾರ ಚೆನ್ನಾಗಿಯೇ ಕಂಡು, ದಿನೇ ದಿನೇ ಸಣ್ಣದಾಗಿ, ಬುಡ ಕಲ್ಲಿನಿಂದ ಕಳಚಿ ಹಸಿವಿನಿಂದ ಸಾಯುತ್ತದೆ. ಇದನ್ನು ‘ಸುಲಭದ ಹವಳ’ ಎಂದು ಮಾರುವುದು ತಪ್ಪು. ಮನೆಯ ತೊಟ್ಟಿಗೆ 5ಕ್ಕೆ 0.5.

ಆಳದ ಬೀಸಣಿಗೆ ಹವಳ, ಅಂದರೆ ಗೊರ್ಗೋನಿಯನ್, ಯಾರಾದರೂ ತೋರಿಸಿದರೆ ಅಂಕ ಕೊಡುವ ಮಾತೇ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಯಲ್ಲಿ ಅದು ಇದೆ. ಕಲ್ಲುಹವಳ, ಕಪ್ಪು ಹವಳ, ಕೆಂಪು ಕೊಳವೆಗಳ ಆರ್ಗನ್ ಪೈಪ್ ಹವಳವೂ ಅದರಲ್ಲೇ ಇವೆ. ವಾಸ್ತು ದೋಷಕ್ಕೆಂದು ಗಾಜಿನ ಚೌಕಟ್ಟಿನಲ್ಲಿಟ್ಟು ‘ಇಂದ್ರಜಾಲ’ ಎಂಬ ಗಿಡದ ಬೇರು ಎಂದು ಮಾರುವುದೂ ಎಷ್ಟೋ ಸಲ ಒಣಗಿಸಿದ ಇದೇ ಸಮುದ್ರ ಬೀಸಣಿಗೆ. ಅದನ್ನು ಕೊಂಡವರೂ ಕೇಸಿಗೆ ಸಿಕ್ಕಿಬೀಳಬಹುದು.