ಜೈಲಿನಿಂದ ಬರುವ ತಮ್ಮನಿಗೆ ಆಶ್ರಯ ಮನೆಯೋ, ಬಾಡಿಗೆ ಕೋಣೆಯೋ?

ಕಲಬುರಗಿಯ ಕೇಂದ್ರ ಕಾರಾಗೃಹದಿಂದ ಬಿಡುಗಡೆಯಾಗುವ ತಮ್ಮನನ್ನು ಅಕ್ಕ ಆಶ್ರಯ ಯೋಜನೆಯಲ್ಲಿ ಸರ್ಕಾರ ಕೊಟ್ಟ ತನ್ನ ಚಿಕ್ಕ ಮನೆಗೇ ಕರೆದುಕೊಳ್ಳಬೇಕೇ, ಗಂಜ್ ಮಾರುಕಟ್ಟೆ ಕಡೆ ಬೇರೆ ಕೋಣೆ ಹಿಡಿದುಕೊಡಬೇಕೇ?

ಮನೆಯಲ್ಲಾದರೆ ಬಾಡಿಗೆಯಿಲ್ಲ, ಮುಂಗಡವಿಲ್ಲ, ಹೊತ್ತಿಗೆ ರೊಟ್ಟಿ ಸಿಗುತ್ತದೆ. ವಿಳಾಸವೂ ಸಿಗುತ್ತದೆ, ಅದು ಸಣ್ಣ ಮಾತಲ್ಲ: ಆಧಾರ್ ತಿದ್ದಲು, ಬ್ಯಾಂಕ್ ಖಾತೆ ತೆರೆಯಲು, ಪಡಿತರ ಚೀಟಿಗೆ ಹೆಸರು ಸೇರಿಸಲು ಎಲ್ಲರೂ ಮೊದಲು ಕೇಳುವುದು ಅದನ್ನೇ. ತೊಂದರೆ ಇರುವುದು ಜಾಗದಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಒಂದೇ ಫ್ಯಾನಿನ ಕೆಳಗೆ ಆರು ಜನ ಮಲಗಿದರೆ ಎಂತಹ ಪ್ರೀತಿಯೂ ಸಿಡುಕಾಗುತ್ತದೆ. ಹಕ್ಕುಪತ್ರ ಅಕ್ಕನ ಹೆಸರಿನಲ್ಲಿದ್ದರೆ ಅದರ ಷರತ್ತುಗಳನ್ನು ತಿಳಿದವರಿಂದ ಒಮ್ಮೆ ಓದಿಸಿ. ಮನೆಯನ್ನು ಬಾಡಿಗೆಗೆ ಕೊಡುವುದು ಬೇರೆ, ಒಡಹುಟ್ಟಿದವನನ್ನು ಇರಿಸಿಕೊಳ್ಳುವುದು ಬೇರೆ. ನೆರೆಯವರ ಬಾಯಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ಬಿಡಿ.

ಬಾಡಿಗೆ ಕೋಣೆಯಲ್ಲಿ ಏಕಾಂತವಿದೆ, ಬೇಳೆ ಮಿಲ್ಲಿನ ಕೂಲಿಗೆ ಹತ್ತಿರ. ಆದರೆ ಮಾಲೀಕರು ಹಿನ್ನೆಲೆ ವಿಚಾರಿಸುತ್ತಾರೆ. ಮುಚ್ಚಿಟ್ಟು ಹಿಡಿದ ಕೋಣೆ ತಿಂಗಳೊಳಗೆ ಖಾಲಿಯಾಗಬಹುದು. ಹೊಸದಾಗಿ ಹೊರಬಂದವನಿಗೆ ಒಂಟಿತನವೂ ಒಳ್ಳೆಯದಲ್ಲ, ಹಳೆಯ ಗೆಳೆಯರು ಬಾಗಿಲು ಬಡಿಯುವುದು ಅಂಥಲ್ಲಿಯೇ.

ಜಾಮೀನು ಅಥವಾ ಪೆರೋಲ್ ಮೇಲೆ ಬಂದವನಾದರೆ ಆಯ್ಕೆ ಇನ್ನೂ ಕಿರಿದು: ಕೊಟ್ಟ ವಿಳಾಸ ಬಿಡುವ ಮುನ್ನ ವಕೀಲರನ್ನು ಕೇಳಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಅಕ್ಕನೇ ಹೋಗಿ ಕೇಳಬಹುದು.

ನಾನಾದರೆ ಮೊದಲ ಮೂರು ತಿಂಗಳು ಮನೆಯಲ್ಲೇ ಇರಿಸಿಕೊಳ್ಳುತ್ತೇನೆ. ಕೂಲಿ ಒಂದು ನೆಲೆಗೆ ಬಂದ ಮೇಲೆ, ಅವನೇ ಬಾಡಿಗೆ ಕಟ್ಟುವ ಕೋಣೆ.