ಹಳೆಯ ಡಾಕ್‌ಗೆ ಮತ್ತೆ ದನಿ: ನಾನು ಹಿಡಿದು ನೋಡಿದ ಮೂರು ದಾರಿಗಳು

ಐಪಾಡನ್ನು ಮೇಲೆ ಕೂರಿಸಿ ಹಾಡಿಸುವ ನನ್ನ ಮೂವತ್ತು ಪಿನ್ನಿನ ಸ್ಪೀಕರ್ ಡಾಕ್‌ಗೆ ಕಂಠ ಇನ್ನೂ ಗಟ್ಟಿಯಾಗಿದೆ, ಕೆಟ್ಟಿರುವುದು ಬಾಯಿ, ಅಂದರೆ ಐಪಾಡ್ ಸಿಕ್ಕಿಸುವ ಕನೆಕ್ಟರ್. ಐಪಾಡ್ ಕೂರಿಸಿದರೆ ಹಾಡುತ್ತದೆ, ಕೈ ತಾಗಿದರೆ ಮೌನ. ಎಸೆಯಲು ಮನಸ್ಸಾಗದೆ ಮೂರು ಉಪಾಯ ಮಾಡಿದೆ: ಕನೆಕ್ಟರನ್ನೇ ಶುಚಿ ಮಾಡುವುದು, ಪ್ಲೇಯರಿನ ಹೆಡ್‌ಫೋನ್ ಜ್ಯಾಕ್‌ನಿಂದ ಡಾಕ್‌ಗೆ ಆಕ್ಸ್ ಕೇಬಲ್ ಹಾಕುವುದು, ಪಿನ್ನುಗಳ ಮೇಲೆ ಕೂರುವ ಬ್ಲೂಟೂತ್ ರಿಸೀವರ್ ತರುವುದು.

ಇವಕ್ಕೆ ಕೈಹಾಕುವ ಮೊದಲು ಬ್ಯಾಟರಿ ನೋಡಬೇಕಿತ್ತು. ಡ್ರಮ್ಮಿನ ಪೆಟ್ಟು ಬಿದ್ದಾಗಲೆಲ್ಲ ಡಾಕ್ ಆರಿಹೋಗುತ್ತಿತ್ತು, ನಾನು ಒಂದು ಸಂಜೆಯಿಡೀ ಪಿನ್ನುಗಳನ್ನೇ ಬೈದೆ. ಅರ್ಧ ಖಾಲಿಯಾದ ಸೆಲ್‌ಗಳು ಮಂದ್ರ ಸ್ವರ ಬೇಡುವ ಆ ಕ್ಷಣದ ವಿದ್ಯುತ್ತನ್ನು ಕೊಡಲಾರದೆ ಕುಸಿಯುತ್ತಿದ್ದವು. ಅಡಾಪ್ಟರಿಗೆ ಸಿಕ್ಕಿಸಿದೆ, ಆ ಕಾಟ ನಿಂತಿತು.

ಕನೆಕ್ಟರಿಗೆ ಟಾರ್ಚ್ ಬಿಟ್ಟರೆ ಒಳಗೆ ಬಟ್ಟೆಯ ನಾರು, ಎರಡು ಪಿನ್ನುಗಳ ಮೇಲೆ ಹಸಿರು ಛಾಯೆ. ವಿದ್ಯುತ್ ತೆಗೆದು, ಮೆತ್ತನೆಯ ಬ್ರಷ್ಷಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಉಜ್ಜಿ, ಪೂರ್ತಿ ಒಣಗಿಸಿದ ಮೇಲೆ ಎಡಗಡೆಯ ಸ್ಪೀಕರ್ ಮಾತನಾಡಿತು. ಆದರೆ ಹೊಸ ಐಪಾಡ್ ಹಾಡಿದರೂ ಚಾರ್ಜ್ ಆಗಲಿಲ್ಲ. ಅದು ಕೊಳೆಯ ತಪ್ಪಲ್ಲ. ಈ ಕನೆಕ್ಟರ್ ಬಂದದ್ದು 2003ರಲ್ಲಿ. ಆಗಿನ ಹಲವು ಡಾಕ್‌ಗಳು ಫೈರ್‌ವೈರ್ (ಯುಎಸ್‌ಬಿಯಂಥದೇ ಹಳೆಯ ಸಂಪರ್ಕ) ಪಿನ್ನುಗಳಿಂದ 12 ವೋಲ್ಟ್ ಕೊಡುತ್ತಿದ್ದವು. 2008ರ ಹೊತ್ತಿಗೆ ಬಂದ ಪ್ಲೇಯರ್‌ಗಳು ಯುಎಸ್‌ಬಿ ಪಿನ್ನುಗಳ 5 ವೋಲ್ಟನ್ನಷ್ಟೇ ತೆಗೆದುಕೊಳ್ಳತೊಡಗಿದವು. ಎಷ್ಟು ಉಜ್ಜಿದರೂ 12 ಐದಾಗುವುದಿಲ್ಲ.

ಬ್ಲೂಟೂತ್ ರಿಸೀವರಿನ ಬಗ್ಗೆ ನನಗಿದ್ದ ಆಸೆ ದೊಡ್ಡದು. ಅದೂ ಡಾಕ್‌ನಿಂದಲೇ 5 ವೋಲ್ಟ್ ಬೇಡುವ ಜಾತಿ. ನನ್ನ ಡಾಕ್‌ನಲ್ಲಿ ಅದರ ದೀಪವೇ ಹತ್ತಲಿಲ್ಲ. ಪರಿಚಿತರೊಬ್ಬರ ಸ್ವಲ್ಪ ಹೊಸ ಡಾಕ್‌ನಲ್ಲಿ ಕೂರಿಸಿ ನೋಡಿದಾಗ ಹಾಡುಗಳಿಗೆ ಚೆನ್ನಾಗಿಯೇ ಇತ್ತು. ವಿಡಿಯೊ ಹಾಕಿದರೆ ಮಾತ್ರ ತುಟಿ ಮೊದಲು, ಮಾತು ಆಮೇಲೆ. ಕುಳಿತಲ್ಲಿಂದಲೇ ಹಾಡು ಬದಲಿಸುವ ಸುಖ ಬೇಕಿದ್ದರೆ, ಡಾಕ್ 5 ವೋಲ್ಟ್ ಕೊಡುವುದಾದರೆ, ಇದನ್ನು ಕೊಳ್ಳಿ.

ಕೊನೆಗೆ ಉಳಿದದ್ದು ನಾನು ಕೀಳಾಗಿ ಕಂಡಿದ್ದ ಆಕ್ಸ್ ಕೇಬಲ್. ಸಿಕ್ಕಿಸಿ ಹಾಡು ಹಾಕಿದೆ. ವಾದ್ಯಗಳೆಲ್ಲ ಇವೆ, ಗಾಯಕಿ ಇಲ್ಲ! ಹಿಂದಿನಿಂದ ಅವಳ ಪ್ರತಿಧ್ವನಿಯಷ್ಟೇ ತೇಲಿಬರುತ್ತಿತ್ತು. ಡಾಕ್ ಕೆಟ್ಟಿತೆಂದು ಸ್ಕ್ರೂ ಬಿಚ್ಚುವಷ್ಟರಲ್ಲಿ ಪ್ಲಗ್ಗಿನ ಕಡೆ ಕಣ್ಣು ಹೋಯಿತು. ಪ್ಲೇಯರಿನ ದಪ್ಪ ರಬ್ಬರ್ ಕವಚ ಅದನ್ನು ಪೂರ್ತಿ ಒಳಹೋಗಲು ಬಿಟ್ಟಿರಲಿಲ್ಲ. ಪ್ಲಗ್ಗಿನ ಬುಡದ ಗ್ರೌಂಡ್, ಅಂದರೆ ಎಡ ಬಲ ಎರಡಕ್ಕೂ ಒಂದೇ ಆದ ವಾಪಸಿನ ದಾರಿ, ತಾಗದಿದ್ದಾಗ ಸ್ಪೀಕರಿಗೆ ತಲುಪುವುದು ಎಡ ಬಲಗಳ ನಡುವಿನ ವ್ಯತ್ಯಾಸ ಮಾತ್ರ. ಸಾಮಾನ್ಯವಾಗಿ ಗಾಯನವನ್ನು ಎರಡೂ ಕಡೆಗೆ ಸಮನಾಗಿ ಬೆರೆಸಿರುತ್ತಾರೆ, ಹಾಗಾಗಿ ಒಂದರಿಂದೊಂದು ಕಳೆದು ಅದು ಸೊನ್ನೆಯಾಗುತ್ತದೆ. ಕವಚ ಸರಿಸಿ ಒತ್ತಿದೆ, ಟಕ್ಕೆಂದಿತು, ಗಾಯಕಿ ನಡುಮನೆಗೆ ಬಂದು ನಿಂತಳು.

ಇದಕ್ಕೂ ಕೊರತೆಗಳಿವೆ. ರಿಮೋಟಿನಿಂದ ಹಾಡು ಬದಲಾಗುವುದಿಲ್ಲ. ಪಿನ್ನುಗಳಿಂದ ಹೊರಬರುವ ಸದ್ದಿಗೆ (ಲೈನ್ ಔಟ್) ಪ್ಲೇಯರಿನ ವಾಲ್ಯೂಮ್ ತಾಗುವುದಿಲ್ಲ, ಹೆಡ್‌ಫೋನ್ ಜ್ಯಾಕ್‌ನದಕ್ಕೆ ತಾಗುತ್ತದೆ. ಪ್ಲೇಯರಿನಲ್ಲಿ ತಗ್ಗಿಸಿ ಡಾಕ್‌ನಲ್ಲಿ ಏರಿಸಿದರೆ ಹಾಡಿನ ಜೊತೆಗೆ ಹಿಸ್ಸೆನ್ನುವ ಸದ್ದೂ ಏರುತ್ತದೆ. ನಾನು ಪ್ಲೇಯರನ್ನು ಮುಕ್ಕಾಲಿಗಿಂತ ಮೇಲಿಟ್ಟು ಉಳಿದದ್ದನ್ನು ಡಾಕ್‌ಗೆ ಬಿಡುತ್ತೇನೆ. ಪ್ಲೇಯರ್ ಚಾರ್ಜ್‌ನಲ್ಲಿದ್ದಾಗ ಒಂದು ಗುಂಯ್ ಸದ್ದು ಸೇರಿಕೊಳ್ಳುತ್ತದೆ, ಅದಕ್ಕೆ ಕೇಳುವಾಗ ಚಾರ್ಜರ್ ತೆಗೆದಿಡುತ್ತೇನೆ.

ಆದರೂ ನನ್ನ ಮತ ಕೇಬಲ್ಲಿಗೇ. ರಬ್ಬರ್ ಕವಚದ ತೂತನ್ನು ಬ್ಲೇಡಿನಿಂದ ಒಂದಿಷ್ಟು ಅಗಲಿಸಿದ್ದೇನೆ.